ರಬ್ಬರ್ ಪ್ಯಾಡಿನೊಳಗೆ ಡೊಳ್ಳು

ಹರಿಹರದಿಂದ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಇಲ್ಲಿಂದಾಚೆ ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ. ಕಿಟಕಿ ತೆರೆದರೆ ಪಲ್ಪ್ ಕಾರ್ಖಾನೆಯ ವಾಸನೆ ಒಳಗೆ ಬರುತ್ತದೆ. ಮಾಳಿಗೆಯ ಕೋಣೆಯಲ್ಲಿ ನೀವು ಎಲೆಕ್ಟ್ರಾನಿಕ್ ಡ್ರಮ್ ಕಿಟ್ಟಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದೀರಿ. ಬಾಗಿಲ ಬಳಿ ಗೋಡೆಗೆ ಒರಗಿಸಿದ ಡೊಳ್ಳು, ಅದರ ಪಕ್ಕ ಅದನ್ನು ಬಾರಿಸುವ ಕಾಕಾ. ಕಿಟ್ಟಿನ ಮಾಡ್ಯೂಲಿನಲ್ಲಿ ಸ್ನೇರ್, ಟಾಮ್, ಕೊಂಗಾ ಎಲ್ಲ ಉಂಟು. ಡೊಳ್ಳು ಮಾತ್ರ ಇಲ್ಲ.

‘ಹೂಂ, ಬಾರಿಸ್ರಿ’ ಎನ್ನುತ್ತಾನೆ ಲ್ಯಾಪ್‌ಟಾಪಿನ ಮುಂದೆ ಕೂತ ಹುಡುಗ.

ಕೋಲು ರಬ್ಬರಿಗೆ ಬೀಳುತ್ತದೆ. ಕೆಳಗಿನ ಪೀಜೋ ತಟ್ಟೆ ಅದುರಿ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ, ಮಾಡ್ಯೂಲ್ ಅದನ್ನು ಅಳೆಯುತ್ತದೆ. ಪರದೆಯ ಮೇಲೆ ಎರಡು ಅಂಕಿ: 38, 71. ಯಾವ ಪ್ಯಾಡು, ಎಷ್ಟು ಜೋರು. ಯುಎಸ್‌ಬಿ ತಂತಿಯಲ್ಲಿ ಹೋದದ್ದು ಇಷ್ಟೇ, ಸದ್ದಲ್ಲ. 1983ರಲ್ಲಿ ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದರ ಮಾತು ಒಂದಕ್ಕೆ ತಿಳಿಯಲೆಂದು ರೂಪಿಸಿದ ಮಿಡಿ ಎಂಬ ಭಾಷೆ ಅದು. ಜೋರು 1ರಿಂದ 127ರವರೆಗೆ. ಅದರಾಚೆ ಎಷ್ಟೇ ಸಿಟ್ಟಿನಿಂದ ಬಾರಿಸಿದರೂ ಮಿಡಿಗೆ ಲೆಕ್ಕವಿಲ್ಲ.

ಆ ಅಂಕಿ ನೋಡಿ ಲ್ಯಾಪ್‌ಟಾಪ್ ರೆಕಾರ್ಡ್ ಮಾಡಿಟ್ಟ ಪೆಟ್ಟನ್ನು ನುಡಿಸುತ್ತದೆ. ಸ್ಪೀಕರಿನಿಂದ ಡೊಳ್ಳು ಗುಡುಗುತ್ತದೆ, ಜೊತೆಗೆ ಮಾಡ್ಯೂಲಿನ ಸ್ನೇರ್ ಕೂಡ ಚಟ್ ಎನ್ನುತ್ತದೆ. ಹುಡುಗ ಮಾಡ್ಯೂಲಿನಲ್ಲಿ ‘ಲೋಕಲ್’ ಆಫ್ ಮಾಡುತ್ತಾನೆ. ಸ್ನೇರ್ ಬಾಯಿ ಮುಚ್ಚಿತು. ಆದರೆ ಕೋಲು ಬಿದ್ದು ಒಂದು ಕ್ಷಣವಾದ ಮೇಲೆ ಸದ್ದು ಬಂದಂತಾಗಿ ನಿಮ್ಮ ಕೈ ತೊಡರುತ್ತದೆ. ಲ್ಯಾಪ್‌ಟಾಪ್ ಸದ್ದನ್ನು ಕೂಡಿಟ್ಟು ಕಳಿಸುವ ಬಫರ್ 512 ಸ್ಯಾಂಪಲ್ ಇದೆ. ಸೆಕೆಂಡಿಗೆ 44,100 ಸ್ಯಾಂಪಲ್ಲಿನ ವೇಗದಲ್ಲಿ ಅದೊಂದೇ 11 ಮಿಲಿಸೆಕೆಂಡಿಗೂ ಹೆಚ್ಚು. 128ಕ್ಕೆ ಇಳಿಸಿದರೆ ಮೂರರ ಒಳಗೆ. ಈಗ ಕೋಲೂ ಸದ್ದೂ ಕೂಡಿ ಬೀಳುತ್ತವೆ.

ನೀವು ಮೆಲ್ಲಗೆ ಬಾರಿಸುತ್ತೀರಿ. ಕಾಕಾ ತಲೆ ಅಲ್ಲಾಡಿಸುತ್ತಾರೆ.

‘ಇದು ಮೆಲ್ಲಕ ಬಾರಿಸಿದ್ದಲ್ಲೋ ತಮ್ಮಾ. ಜೋರಾಗಿ ಬಾರಿಸಿದ ಡೊಳ್ಳು ದೂರ ಹೋದಂಗ ಕೇಳ್ತೈತಿ.’

ಒಂದೇ ಜೋರು ಪೆಟ್ಟಿನ ರೆಕಾರ್ಡಿಂಗನ್ನು ಹುಡುಗ ವಾಲ್ಯೂಮ್ ತಗ್ಗಿಸಿ ಎಲ್ಲಕ್ಕೂ ಬಳಸಿದ್ದ. ಮೆಲ್ಲನೆ ಪೆಟ್ಟಿಗೆ ಚರ್ಮ ಕಂಪಿಸುವ ಬಗೆಯೇ ಬೇರೆ: ಕೋಲಿನ ಚಟ್ಟು ಕರಗಿ ಒಡಲಿನ ಗುಂಯ್ ಉಳಿಯುತ್ತದೆ. ಮೈಕು ಮತ್ತೆ ಡೊಳ್ಳಿನ ಮುಂದೆ ಬರುತ್ತದೆ. ಕಾಕಾ ನಾಲ್ಕು ಹದದಲ್ಲಿ ಬಾರಿಸುತ್ತಾರೆ, ಒಂದೊಂದು ಹದವನ್ನು ಮೂರು ಸಲ. ಜೋರಿನ ಅಂಕಿ 40ರವರೆಗೆ ಮೊದಲ ಹದದ ಪದರ, 80ರವರೆಗೆ ಎರಡನೆಯದು, 110ರವರೆಗೆ ಮೂರನೆಯದು, ಉಳಿದದ್ದು ಕೊನೆಯದಕ್ಕೆ. ಒಂದೇ ಹದದ ಮೂರು ಪೆಟ್ಟು ಸರದಿಯಲ್ಲಿ ಬರುವುದರಿಂದ ಉರುಳಿಕೆ ಬಾರಿಸಿದರೂ ಮಷಿನ್‌ಗನ್ನಿನ ಸದ್ದಾಗುವುದಿಲ್ಲ.

‘ಬಲಗೈ ಆತು. ಎಡಗೈ ಎಲ್ಲೈತಿ?’

ಡೊಳ್ಳಿಗೆ ಬಲಕ್ಕೆ ಕೋಲು, ಎಡಕ್ಕೆ ಅಂಗೈ. ಅಂಗೈ ಸದ್ದು ಮತ್ತೊಂದು ಪ್ಯಾಡಿಗೆ ಏರುತ್ತದೆ. ಕಾಕಾ ನಿಮ್ಮನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂತು ರಬ್ಬರಿನ ಮೇಲೆ ಅಂಗೈ ಬಡಿಯುತ್ತಾರೆ. ಪರದೆಯಲ್ಲಿ ಬರೀ 9, 12. ಹುಡುಗ ಸೆನ್ಸಿಟಿವಿಟಿ ಏರಿಸಿದರೆ ಅಂಕಿ 80 ದಾಟುತ್ತದೆ, ಆದರೆ ಬಲಗಡೆ ಕೋಲು ಬಿದ್ದಾಗಲೂ ಎಡ ಪ್ಯಾಡು ತಾನಾಗಿ ಉಲಿಯುತ್ತದೆ; ಚೌಕಟ್ಟಿನ ಕೊಳವೆಯಲ್ಲೇ ಅದುರು ಹಾಯುತ್ತಿದೆ. ನೀವು ಆ ಪ್ಯಾಡನ್ನು ಬಿಚ್ಚಿ ಕುರ್ಚಿಯಲ್ಲಿ ಮಡಚಿದ ಕೌದಿಯ ಮೇಲೆ ಇಡುತ್ತೀರಿ. ಅದುರು ಅಲ್ಲಿಗೆ ನಿಂತಿತು.

ಕಾಕಾ ಎರಡೂ ಕೈ ಆಡಿಸುತ್ತಾರೆ. ಕೋಲು ಕೇಳುತ್ತದೆ, ಅಂಗೈ ಉತ್ತರಿಸುತ್ತದೆ, ಕೋಣೆ ತುಂಬುತ್ತದೆ. ಹುಡುಗ ಫೈಲು ಸೇವ್ ಮಾಡಿ ಅವರ ಮುಖ ನೋಡುತ್ತಾನೆ.

‘ಸದ್ದು ಬಂತು. ಆದ್ರ ಡೊಳ್ಳು ಕೊರಳಾಗಿದ್ರ ಕಾಲು ಕುಣೀತಾವ. ಸ್ಟೂಲಿನ ಮ್ಯಾಲ ಕುಂತು ಹೆಂಗ ಕುಣೀಲಿ?’

ಹುಡುಗ ಕಿಟ್ಟಿನ ಚೌಕಟ್ಟನ್ನು ಎದೆಯೆತ್ತರಕ್ಕೆ ಏರಿಸಿ ತಿರುಪು ಬಿಗಿಯುತ್ತಾನೆ. ನೀವು ಸ್ಟೂಲನ್ನು ಹೊರಗೆ ಸರಿಸುತ್ತೀರಿ.