ಎಚ್ಚರವಿದ್ದವರಿಗಷ್ಟೇ ಕೇಳುವ ಸಲಾಮ್

ಮಗ ಡಿಪ್ಲೊಮಾ ಎರಡನೆಯ ವರ್ಷಕ್ಕೆ ಬಂದಾಗ ಅವನ ತಂದೆ ದಮ್ಮಾಮಿನಿಂದ ಹಣ ಕಳುಹಿಸಿ 150 ಸಿ.ಸಿ.ಯ ಹಳೆಯ ಬೈಕೊಂದನ್ನು ಕೊಡಿಸಿದರು. ಆರು ತಿಂಗಳು ಕಳೆದಿರಬೇಕು. ಒಂದು ದಿನ ಅವನು ಅಡುಗೆ ಮನೆಯ ಬಾಗಿಲಲ್ಲಿ ನಿಂತು, "ಉಮ್ಮಾ, ಸೈಲೆನ್ಸರ್ ಸರಿ ಮಾಡಿಸಬೇಕು. ಎರಡು ಸಾವಿರ ಕೊಡ್ತೀಯಾ?" ಎಂದು ಕೇಳಿದ. ಏನೋ ಹಾಳಾಗಿರಬೇಕೆಂದು ಭಾವಿಸಿ ಹೊಲಿಗೆಯಿಂದ ಉಳಿಸಿದ್ದ ಹಣವನ್ನು ಕೊಟ್ಟೆ.

ಸಂಜೆ ಅವನು ಮರಳುವಾಗ ಇಡೀ ಓಣಿಯೇ ನಡುಗಿತು.

"ಒಳಗಿದ್ದ ತಡೆಗಳನ್ನೆಲ್ಲ ಕತ್ತರಿಸಿ ತೆಗೆಸಿದ್ದೇನೆ ಉಮ್ಮಾ. ಇನ್ನು ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ. ಪಿಕಪ್ ಜಾಸ್ತಿ" ಎಂದು ಹೆಮ್ಮೆಯಿಂದ ಹೇಳಿದ.

ಎರಡು ದಿನ ಬೈದೆ. ಬಳಿಕ, ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನನಗೆ ಆ ಸದ್ದು ಅಭ್ಯಾಸವಾಯಿತು. ಸಂಜೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಅವನು ರಾತ್ರಿ ಹತ್ತಕ್ಕೆ ಬರುತ್ತಿದ್ದ. ಮಸೀದಿಯ ತಿರುವಿನಲ್ಲಿ ಸದ್ದು ಕೇಳಿದ ಕೂಡಲೇ ಸಾರು ಬಿಸಿಗಿಡುತ್ತಿದ್ದೆ. ಮಗ ಸುರಕ್ಷಿತವಾಗಿ ಬಂದನಲ್ಲಾ ಎಂಬ ನೆಮ್ಮದಿ. ನನ್ನ ಈ ನೆಮ್ಮದಿಗೆ ಬೇರೆ ಯಾರು ಬೆಲೆ ತೆರುತ್ತಿದ್ದಾರೆಂದು ಯೋಚಿಸಲೇ ಇಲ್ಲ.

ಪಕ್ಕದ ಮನೆಯ ಅಕ್ಕನ ಮಗಳು ಹೆರಿಗೆಗೆಂದು ಬಂದಿದ್ದಳು. ಮಗುವಿಗೆ ಇಪ್ಪತ್ತು ದಿನವಾದಾಗ ನಾನೇ ಹೊಲಿದ ಎರಡು ಅಂಗಿ ಹಿಡಿದು ಹೋದೆ. ಅಂತಹ ಸೆಖೆಯಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು, ಸಂದುಗಳಿಗೆ ಹಳೆಯ ಬಟ್ಟೆ ತುರುಕಿತ್ತು. ಯಾಕೆಂದು ಕೇಳಿದೆ. ಮಗಳು ತಲೆ ತಗ್ಗಿಸಿದಳು.

"ಏನಿಲ್ಲ, ಮಗು ರಾತ್ರಿ ಹತ್ತಕ್ಕೆ ಬೆಚ್ಚಿ ಏಳುತ್ತದೆ. ಎದ್ದರೆ ಮತ್ತೆ ಎರಡು ಗಂಟೆ ಅಳು. ಇವಳದ್ದು ಆಪರೇಷನ್ ಆದ ದೇಹ ನೋಡಿ" ಎಂದರು ಅಕ್ಕ.

ಬೈಕಿನ ಹೆಸರೆತ್ತಲಿಲ್ಲ. ನನ್ನ ಮಗ ಹುಟ್ಟಿದಾಗ ಅವನ ತಂದೆ ಊರಲ್ಲಿರಲಿಲ್ಲ. ನನಗೆ ಜ್ವರ ಬಂದ ರಾತ್ರಿಗಳಲ್ಲಿ ಅವನನ್ನು ಹೆಗಲಿಗೆ ಹಾಕಿಕೊಂಡು ಮಲಗಿಸಿದವರು ಇದೇ ಅಕ್ಕ. ಕೊಟ್ಟ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಮಗನಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಪ್ರವಾದಿ(ಸ)ಯವರು ರಾತ್ರಿ ಬಂದಾಗ ಎಚ್ಚರವಿದ್ದವರಿಗೆ ಕೇಳಿಸುವಂತೆ, ಆದರೆ ಮಲಗಿದವರಿಗೆ ಎಚ್ಚರವಾಗದಂತೆ ಸಲಾಮ್ ಹೇಳುತ್ತಿದ್ದರೆಂದು ಮಿಕ್ದಾದ್(ರ) ವರದಿ ಮಾಡಿದ ಹದೀಸನ್ನು ನೆನಪಿಸಿದೆ. ಸಲಾಮಿನಂತಹ ಪ್ರಾರ್ಥನೆಯೇ ಇನ್ನೊಬ್ಬರ ನಿದ್ದೆ ಕೆಡಿಸಬಾರದೆಂದಾದರೆ ಬೈಕಿನ ಸದ್ದಿಗೆ ಏನು ಹಕ್ಕಿದೆ?

"ಅವರು ಒಂದು ಮಾತು ಹೇಳಬಹುದಿತ್ತಲ್ಲ?" ಎಂದ ಮಗ.

"ಹೇಳದಿದ್ದುದು ಅವರ ದೊಡ್ಡತನ. ಹೇಳಲಿ ಎಂದು ಕಾಯುವುದು ನಮ್ಮ ಸಣ್ಣತನ" ಎಂದೆ.

ಮರುದಿನ ಇಬ್ಬರೂ ನನ್ನ ಅಣ್ಣನ ಗ್ಯಾರೇಜಿಗೆ ಹೋದೆವು. ಅಣ್ಣ ನಗುತ್ತಾ, "ಈಗ ಮೈಲೇಜ್ ಎಷ್ಟು?" ಎಂದು ಕೇಳಿದರು. ಮಗ ಸುಮ್ಮನಾದ. ಅದು ಇಳಿದಿತ್ತು. ಎಕ್ಸಲೇಟರ್ ಬಿಟ್ಟಾಗಲೆಲ್ಲ ಪಟಪಟ ಸಿಡಿಯುತ್ತಿತ್ತು. ಅಣ್ಣ ವಿವರಿಸಿದರು: ಸೈಲೆನ್ಸರಿನ ಒಳಗಿನ ಕೋಣೆಗಳು, ತೂತಿನ ಕೊಳವೆಗಳು ಸದ್ದನ್ನು ತಗ್ಗಿಸಲು ಇರುವಂಥವು. ಕಂಪೆನಿಯವರು ಅವುಗಳಿಗೆ ತಕ್ಕಂತೆಯೇ ಕಾರ್ಬೊರೇಟರಿನ ಪೆಟ್ರೋಲ್ ಅಳತೆಯನ್ನು ಹೊಂದಿಸಿರುತ್ತಾರೆ. ರೇಸಿನವರು ಹೊಗೆಯ ದಾರಿಯನ್ನು ಸಲೀಸು ಮಾಡುವುದು ನಿಜ. ಆದರೆ ಅವರು ಗಾಳಿ, ಪೆಟ್ರೋಲ್ ಎಲ್ಲದರ ಲೆಕ್ಕವನ್ನೂ ಬದಲಿಸುತ್ತಾರೆ. ಬರೇ ತಡೆ ಕಿತ್ತರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಇಂಜಿನ್ ಬಿಸಿಯಾಗುತ್ತದೆ, ನಿಧಾನ ಓಡಿಸುವಾಗ ಎಳೆಯುವ ಶಕ್ತಿಯೂ ಕುಗ್ಗುತ್ತದೆ.

ನನಗೆ ಬಚ್ಚಲಿನ ಹಂಡೆ ಒಲೆ ನೆನಪಾಯಿತು. ಹೊಗೆ ಹೋಗುವ ದಾರಿ ಕಟ್ಟಿದರೆ ಬೆಂಕಿ ಉರಿಯುವುದಿಲ್ಲ. ಅತಿಯಾಗಿ ತೆರೆದರೆ ಬಿಸಿಯೆಲ್ಲ ಹೊಗೆಯ ಜೊತೆಗೇ ಹೋಗಿ, ಸೌದೆ ಮುಗಿದರೂ ನೀರು ಕಾಯುವುದಿಲ್ಲ. ಎಲ್ಲದಕ್ಕೂ ಒಂದು ಹದವಿದೆ.

ಕಾನೂನಿನ ವಿಷಯವನ್ನೂ ಅಣ್ಣನೇ ತಿಳಿಸಿದರು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಜನವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ವಾಹನದ ಸದ್ದು ನಿಗದಿತ ಮಟ್ಟ ಮೀರಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು.

ಕತ್ತರಿಸಿದ ಸೈಲೆನ್ಸರನ್ನು ಮೊದಲಿನಂತೆ ಮಾಡಲು ಸಾಧ್ಯವಿರಲಿಲ್ಲ. ಮಗ ತನ್ನ ಸಂಬಳದಿಂದಲೇ ಕಂಪೆನಿಯ ಹೊಸದನ್ನು ಹಾಕಿಸಿದ. ಆ ಸಂಜೆ ಯಾರೂ ಹೇಳದೆಯೇ ಅಕ್ಕನ ಮನೆಗೆ ಹೋಗಿ ಕ್ಷಮೆ ಕೇಳಿದ. ಅಕ್ಕ ಮಗುವನ್ನು ಅವನ ಕೈಗೆ ಕೊಟ್ಟು, "ನೀನೂ ಇಷ್ಟೇ ಇದ್ದೆ ಮಾರಾಯ" ಎಂದರಂತೆ. ಮರುದಿನ ನೋಡಿದರೆ ಆ ಮನೆಯ ಕಿಟಕಿಗಳು ತೆರೆದಿದ್ದವು.

ಲುಕ್ಮಾನ್(ಅ)ರು ಮಗನಿಗೆ ಮಾಡಿದ ಉಪದೇಶದಲ್ಲಿ ನಡಿಗೆಯ ಹದವೂ ಇದೆ, ಧ್ವನಿಯ ಹದವೂ ಇದೆ. ಅದನ್ನು ಎಷ್ಟೋ ಬಾರಿ ಓದಿದ್ದ ನಾನು, ನನ್ನ ಮನೆಯ ಅಂಗಳದಲ್ಲೇ ಅದು ಅನ್ವಯವಾಗುತ್ತದೆಂದು ತಡವಾಗಿ ಅರಿತೆ.

ಈಗ ಮಗ ಬಂದದ್ದು ನನಗೆ ತಿಳಿಯುವುದೇ ಇಲ್ಲ. ಬಾಗಿಲ ಬಳಿ ಮೆಲ್ಲಗೆ "ಅಸ್ಸಲಾಮು ಅಲೈಕುಂ ಉಮ್ಮಾ" ಎನ್ನುತ್ತಾನೆ. ಸಾರು ಬಿಸಿಯಾಗುವುದು ಸ್ವಲ್ಪ ತಡ. ಅಲ್‌ಹಮ್ದುಲಿಲ್ಲಾಹ್, ಆ ತಡ ನನಗೆ ಇಷ್ಟ.