ಹಲ್ಲು ಕಡಿಯುವ ಬಂಡಿ

ಮನುಷ್ಯರು ಕೋಪ ಬಂದಾಗ ಹಲ್ಲು ಕಡಿಯುವುದುಂಟು. ಮಕ್ಕಳು ಹೊಟ್ಟೆಯಲ್ಲಿ ಜಂತುಹುಳುವಾದರೆ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಮೋಟಾರುಬಂಡಿಯೂ ಹಲ್ಲು ಕಡಿಯುತ್ತದೆಂಬುದನ್ನು ನಾನು ಅರಿತದ್ದು ಮಾತ್ರ ಅರುವತ್ತೆರಡನೆಯ ವಯಸ್ಸಿನಲ್ಲಿ. ಅದರ ಹಲ್ಲುಗಳು ಉಕ್ಕಿನವು. ಸದ್ದೋ, ಬೀಸುವ ಕಲ್ಲಿಗೆ ರಾಗಿಯೊಡನೆ ಹರಳು ಸಿಕ್ಕಿಕೊಂಡಂತೆ. ಒಮ್ಮೆ ಕೇಳಿದರೆ ಸಾಕು, ನಡೆಸುವವನ ಹಲ್ಲೂ ಜುಮ್ಮೆನ್ನುತ್ತದೆ.

ಆ ಬಂಡಿ ನನ್ನ ಸ್ವಯಾರ್ಜಿತವಲ್ಲ. ಮೂಡಿಗೆರೆಯ ಸೀಮೆಯಲ್ಲಿ ಸಣ್ಣದೊಂದು ಕಾಫಿ ತೋಟವಿದ್ದ ನನ್ನ ಸೋದರಮಾವನವರು 1964ರಲ್ಲಿ, ಸ್ವದೇಶಕ್ಕೆ ಹೊರಟು ನಿಂತಿದ್ದ ಒಬ್ಬ ಆಂಗ್ಲ ತೋಟಗಾರನಿಂದ ಅದನ್ನು ಕೊಂಡರು. 1950ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ, ಇಬ್ಬರೇ ಕುಳಿತುಕೊಳ್ಳಬಹುದಾದ, ಹೊಟ್ಟೆ ನೆಲಕ್ಕೆ ತಾಗಿತೋ ಎಂಬಷ್ಟು ತಗ್ಗಾದ ಸ್ಪೋರ್ಟ್ಸ್ ಕಾರು. ತಯಾರಿಸಿದವರ ಹೆಸರು ಇಲ್ಲಿ ಬೇಡ. ತಪ್ಪು ಯಾರದೆಂಬುದು ಮುಂದೆ ವಾಚಕರಿಗೇ ತಿಳಿಯುತ್ತದೆ. ಮಕ್ಕಳಿಲ್ಲದ ದಂಪತಿಗಳಿಗೆ ಎರಡು ಆಸನ ಧಾರಾಳವಾಯಿತೆಂದು ಊರಿನ ಕೆಲವರು ಆಡಿಕೊಂಡದ್ದುಂಟು. ಮಾವನವರು ಅದನ್ನು ಕೇಳಿಯೂ ಕೇಳದವರಂತೆ ಇರುತ್ತಿದ್ದರು.

2016ರಲ್ಲಿ ಅವರು ತೀರಿಕೊಂಡ ಮೇಲೆ ಬಂಡಿ ಕೊಟ್ಟಿಗೆಯಲ್ಲಿ ಆರು ಮಳೆಗಾಲಗಳನ್ನು ಕಳೆಯಿತು. ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಅತ್ತೆಗೆ ಒತ್ತಾಸೆಯಾಗಿರಲೆಂದು ಅಲ್ಲಿಗೆ ಹೋಗಿ ನೆಲೆಸಿದಾಗ, "ನೀನಾದರೂ ಅದನ್ನು ಓಡಿಸೋ, ಇಲ್ಲದಿದ್ದರೆ ಹೆಗ್ಗಣಗಳು ಸಂಸಾರ ಹೂಡುತ್ತವೆ" ಎಂದು ಬೀಗದ ಕೈ ಕೊಟ್ಟರು. ತಾವು ಮಾತ್ರ ಅದರಲ್ಲಿ ಕೂರಲು ಒಪ್ಪಲಿಲ್ಲ. ಒತ್ತಾಯಿಸುವ ಧೈರ್ಯ ನನಗಾಗಲಿಲ್ಲ.

ಮೂವತ್ತು ವರ್ಷ ಮೋಟಾರು ನಡೆಸಿದವನೆಂಬ ಹಮ್ಮು ನನಗಿತ್ತು. ಆ ಹಮ್ಮು ತೋಟದ ಗೇಟಿನವರೆಗೆ ಬಾಳಿತು. ಮೊದಲನೆಯ ಗೇರಿಗೆ ಕೈಹಾಕಿದರೆ ಕರಕರ. ಹಿಂದಕ್ಕೆ ಬಿಡಲು ಹೋದರೆ ಅದಕ್ಕಿಂತ ದೊಡ್ಡ ಕರಕರ. ಎರಡನೆಯದಕ್ಕೂ ಸಣ್ಣದೊಂದು ಗೊಣಗಾಟ. ಜಗಲಿಯ ಮೇಲೆ ಮೆಣಸು ಆರಿಸುತ್ತಿದ್ದ ಅತ್ತೆ ತಲೆಯೆತ್ತದೆ, "ಅವರ ಕೈಯಲ್ಲಿ ಒಂದು ದಿನವೂ ಹೀಗೆ ಕೂಗಲಿಲ್ಲವಪ್ಪ" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಆದ್ದರಿಂದಲೇ ಅದು ಹೆಚ್ಚು ನಾಟಿತು.

ಮೂಡಿಗೆರೆಯಲ್ಲಿ ವಯಸ್ಸಾದ ಮೇಸ್ತ್ರಿ ಸಾಹೇಬರೊಬ್ಬರಿದ್ದಾರೆ. ಅವರು ಬಂಡಿಯ ಮುಸುಕು ತೆರೆಯುವುದಕ್ಕೂ ಮೊದಲು ನನಗೊಂದು ಪರೀಕ್ಷೆ ಕೊಟ್ಟರು: "ಕ್ಲಚ್ಚನ್ನು ಪೂರಾ ಒತ್ತಿ, ಮನಸ್ಸಿನಲ್ಲಿ ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ ಮೇಷ್ಟ್ರೇ." ಹತ್ತು ಎಣಿಸಿದೆ, ಆದರೂ ಅರೆಯಿತು. ಕ್ಲಚ್ಚು ಸರಿಯಾಗಿ ಬಿಟ್ಟುಕೊಟ್ಟಿದ್ದರೆ ಗೇರುಪೆಟ್ಟಿಗೆಯೊಳಗಿನ ಚಕ್ರಗಳು ಅಷ್ಟು ಹೊತ್ತಿಗೆ ತಿರುಗುವುದನ್ನು ನಿಲ್ಲಿಸಿರಬೇಕು; ನಿಂತಿಲ್ಲವೆಂದರೆ ಎಂಜಿನು ಇನ್ನೂ ಅವನ್ನು ಎಳೆಯುತ್ತಿದೆ ಎಂದರ್ಥ. ಕ್ಲಚ್ಚಿನ ಕೆಳಗಡೆಯ ಸಿಲಿಂಡರಿನ ರಬ್ಬರು ಕೊಳೆತು ಕೊಳವೆಯೊಳಗೆ ಗಾಳಿ ಸೇರಿತ್ತು. ಹೊಸ ರಬ್ಬರು ಬಂತು. ಅವರು ಬಂಡಿಯ ಅಡಿಯಲ್ಲಿ ಮಲಗಿ "ಒತ್ತಿ" "ಬಿಡಿ" ಎನ್ನುತ್ತ, ನಾನು ವಿಧೇಯ ವಿದ್ಯಾರ್ಥಿಯಂತೆ ಒತ್ತಿ ಬಿಡುತ್ತ, ಸೀಸೆಯೊಳಗೆ ಗುಳ್ಳೆಗಳು ಬರುವುದು ನಿಲ್ಲುವವರೆಗೆ ಗಾಳಿ ತೆಗೆದೆವು.

ಆಮೇಲೆ ಗೇರುಪೆಟ್ಟಿಗೆಯ ಎಣ್ಣೆಯನ್ನು ತಟ್ಟೆಗೆ ಇಳಿಸಿದರು. ಅದು ಮೂಗು ಸುಡುವ ಗಂಧಕದ ವಾಸನೆಯ ದಪ್ಪ ಎಣ್ಣೆ. ಈ ಬಂಡಿಯ ಕೈಪಿಡಿಯಲ್ಲಿ ಗೇರುಪೆಟ್ಟಿಗೆಗೂ ಎಂಜಿನ್ನಿನ ಎಣ್ಣೆಯನ್ನೇ ಹಾಕಬೇಕೆಂದು ಅಚ್ಚಾಗಿದೆ. ಹಿಂದಿನ ಅಚ್ಚಿನ ಹಲ್ಲುಗಳಿಗೆಂದು ಮಾಡಿದ ಗಂಧಕದ ಎಣ್ಣೆಯನ್ನು ಯಾರೋ ಇಲ್ಲಿಗೂ ಸುರಿದಿದ್ದರು. ಅಂಥ ಎಣ್ಣೆ ಹಿತ್ತಾಳೆಯನ್ನು ತಿನ್ನಬಲ್ಲದು. ಸಾಹೇಬರು ತಟ್ಟೆಯ ತಳದಲ್ಲಿ ಬೆರಳಾಡಿಸಿ ಅಂಗೈ ತೋರಿಸಿದರು: ಚಿನ್ನದ ಪುಡಿಯಂತೆ ಹೊಳೆಯುವ ಹಿತ್ತಾಳೆ, ಅದರ ನಡುವೆ ಎಳ್ಳಿನ ಗಾತ್ರದ ಉಕ್ಕಿನ ಚೂರುಗಳು. "ಹಳದಿ ಎಣ್ಣೆ ತಿಂದದ್ದು. ಈ ಚೂರು..." ಎಂದು ತಡೆದು, "ಹೊಸದಾಗಿಯೇ ಮುರಿದ ಹಾಗಿದೆ" ಎಂದರು. ಸಜ್ಜನರು.

ಇಷ್ಟಾದ ಮೇಲೆ ನಿಂತಲ್ಲಿ ಹಲ್ಲು ಕಡಿಯುವುದು ನಿಂತಿತು. ಹೊರಡುವಾಗ ಗೇರುಕೋಲನ್ನು ಒಮ್ಮೆ ಎರಡನೆಯದರ ಕಡೆಗೆ ಒತ್ತಿ, ಒಳಗಿನ ಚಕ್ರಗಳು ತಣ್ಣಗಾದ ಮೇಲೆ ಮೊದಲನೆಯದಕ್ಕೆ ಜಾರಿಸಬೇಕೆಂಬ ಯುಕ್ತಿಯನ್ನೂ ಅವರೇ ಹೇಳಿಕೊಟ್ಟರು. ಆದರೆ ಮನೆಯ ಮುಂದಿನ ಏರಿನಲ್ಲಿ, ಓಡುತ್ತಿರುವಾಗಲೇ ಎರಡರಿಂದ ಒಂದಕ್ಕೆ ಇಳಿಸಹೋದರೆ, ಮತ್ತೆ ಅದೇ ಹರಳು, ಅದೇ ಬೀಸುಕಲ್ಲು. ಪೆಟ್ಟಿಗೆ ಸವೆದು ಹೋಗಿದೆಯೆಂದು ನಾನು ತೀರ್ಪು ಕೊಟ್ಟುಬಿಟ್ಟೆ. ಹಳೆಯ ಮೋಟಾರುಗಳನ್ನು ಕೂಡಿಡುವ ಬೆಂಗಳೂರಿನ ಮಹನೀಯರೊಬ್ಬರು ಒಳ್ಳೆಯ ಬೆಲೆ ಹೇಳಿದ್ದರು. ಒಂದು ಸಂಜೆ ಅತ್ತೆಗೆ ಆ ವಿಷಯವನ್ನು ತಿಳಿಸಿದೆ.

ಅವರು ಬಹಳ ಹೊತ್ತು ಮೊರದಲ್ಲಿ ಕೈಯಾಡಿಸುತ್ತಲೇ ಇದ್ದರು. ಆಮೇಲೆ ಕೇಳಿದರು: "ಏರು ಹತ್ತುವಾಗ ಗೇರು ಬದಲಾಯಿಸುತ್ತೀಯಲ್ಲ, ಎಡಗಾಲನ್ನು ಎಷ್ಟು ಸಲ ಒತ್ತುತ್ತಿ?"

"ಒಂದು ಸಲ. ಇನ್ನೆಷ್ಟು ಸಲ?"

"ಅವರು ಎರಡು ಸಲ ಒತ್ತುತ್ತಿದ್ದರು. ನಡುವೆ ಎಂಜಿನು ಒಂದು ಸಲ ಹೂಂ ಅನ್ನುತ್ತಿತ್ತು. ಘಟ್ಟದಲ್ಲಿ ರಸ್ತೆ ನೋಡಿದರೆ ನನಗೆ ಎದೆ ಡವಗುಟ್ಟುತ್ತಿತ್ತು. ಅವರ ಕಾಲು ನೋಡುತ್ತ ಕೂತುಬಿಡುತ್ತಿದ್ದೆ."

ಐವತ್ತು ವರ್ಷ ಆ ಆಸನದಲ್ಲಿ ಕುಳಿತು, ಚಕ್ರವನ್ನು ಒಮ್ಮೆಯೂ ಮುಟ್ಟದ ಹೆಂಗಸು ಹೇಳಿದ ಮಾತಿದು. ಮಾರನೆಯ ದಿನ ಮೇಸ್ತ್ರಿಗಳಿಗೆ ತಿಳಿಸಿದರೆ ಅವರು ನಕ್ಕರು. "ಅಮ್ಮಾವರು ಹೇಳಿದ್ದು ಸರಿ. ಡಬಲ್ ಕ್ಲಚ್. ಹಳೇ ಲಾರಿಯವರೆಲ್ಲ ಹಾಗೇ ಓಡಿಸುತ್ತಿದ್ದುದು." "ಮೊದಲೇ ಏಕೆ ಹೇಳಲಿಲ್ಲ?" ಎಂದೆ. "ಮೇಷ್ಟ್ರಿಗೆ ಪಾಠ ಹೇಳೋದು ಹೇಗೆ ಸ್ವಾಮೀ?"

ಪಾಠ ಇಷ್ಟೆ. ಗೇರುಪೆಟ್ಟಿಗೆಯಲ್ಲಿ ಒಂದು ದಂಡ ಗಾಲಿಗಳ ವೇಗಕ್ಕೆ ತಿರುಗುತ್ತದೆ, ಇನ್ನೊಂದು ಎಂಜಿನ್ನಿನ ವೇಗಕ್ಕೆ. ಕ್ಲಚ್ಚು ಒತ್ತಿದರೆ ಎಂಜಿನ್ನಿನ ನಂಟು ಕಡಿಯುತ್ತದೆಯೇ ಹೊರತು ವೇಗಗಳು ಸಮವಾಗುವುದಿಲ್ಲ. ನನ್ನ ಬಂಡಿಯಲ್ಲಿ ಎರಡನೆಯ ಗೇರಿನಲ್ಲಿ ನಿಮಿಷಕ್ಕೆ 2000 ಸುತ್ತು ಸುತ್ತುತ್ತಿರುವ ಎಂಜಿನು, ಅದೇ ಓಟದಲ್ಲಿ ಮೊದಲನೆಯ ಗೇರಿಗೆ ಹೊಂದಬೇಕಾದರೆ ಸುಮಾರು 3300 ಸುತ್ತಬೇಕು. ಆ ಅಂತರವನ್ನು ತುಂಬದೆ ಹಲ್ಲಿಗೆ ಹಲ್ಲು ಕೊಟ್ಟರೆ ಅರೆಯದೆ ಇನ್ನೇನಾದೀತು? ಆದ್ದರಿಂದ ಒಮ್ಮೆ ಒತ್ತಿ ಕೋಲನ್ನು ನ್ಯೂಟ್ರಲಿಗೆ ತಂದು, ಕಾಲು ಬಿಟ್ಟು, ಆಕ್ಸಿಲರೇಟರನ್ನು ತುಸು ಮೀಟಿ ಒಳಗಿನ ಚಕ್ರಗಳನ್ನು ಹುರಿದುಂಬಿಸಿ, ಮತ್ತೆ ಒತ್ತಿ ಕೆಳಗಿನ ಗೇರಿಗೆ ಇಳಿಸಬೇಕು. ಅತ್ತೆ ಹೇಳಿದ "ಹೂಂ" ಅದೇ. ಮೇಲಿನ ಗೇರಿಗೆ ಏರಿಸುವಾಗ ಹೂಂ ಬೇಡ. ಎಂಜಿನು ತಾನಾಗಿ ನಿಧಾನವಾಗುವವರೆಗೆ ಒಂದು ಉಸಿರಿನಷ್ಟು ತಾಳ್ಮೆ ಸಾಕು.

1890ರ ದಶಕದಲ್ಲಿ ಜಾರುವ ಗೇರುಗಳನ್ನು ಬಳಕೆಗೆ ತಂದ ಫ್ರಾನ್ಸಿನ ಲೆವಾಸ್ಸೋರನು, ಇದು ಒರಟು ಕೆಲಸವೇ ಸರಿ, ಆದರೆ ನಡೆಯುತ್ತದೆ ಎಂದಿದ್ದನೆಂದು ಪ್ರತೀತಿ. ಹಲ್ಲು ಕೂಡುವ ಮೊದಲೇ ಹಿತ್ತಾಳೆಯ ಬಳೆಯೊಂದು ಉಜ್ಜಿ ಎರಡರ ವೇಗವನ್ನೂ ಸಮಮಾಡುವ ಸಿಂಕ್ರೋಮೆಶ್ ಎಂಬ ಉಪಾಯ 1928ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಬಂಡಿಗಳಿಗೆ ಬಂತು. ಇಂಗ್ಲೆಂಡಿನ ಅನೇಕ ಸ್ಪೋರ್ಟ್ಸ್ ಕಾರುಗಳು ಮಾತ್ರ 1960ರ ದಶಕದವರೆಗೂ ಮೊದಲನೆಯ ಗೇರಿಗೆ ಆ ಬಳೆ ತೊಡಿಸಲಿಲ್ಲ. ನಾನು ಮೂವತ್ತು ವರ್ಷ ನಡೆಸಿದ ಬಂಡಿಗಳಲ್ಲೆಲ್ಲ ಆ ಬಳೆಗಳೇ ನನ್ನ ಕೆಲಸವನ್ನು ಮಾಡಿ, ಕೀರ್ತಿಯನ್ನು ನನಗೆ ಬಿಟ್ಟಿದ್ದುವು.

ಕಾಫಿ ಒಣಗಿಸುವ ಕಣದಲ್ಲಿ ಹದಿನೈದು ದಿನ ಅಭ್ಯಾಸ ಮಾಡಿದೆ. ಆಳುಗಳ ಮಕ್ಕಳು ಸಾಲಾಗಿ ಕುಳಿತು, ಅರೆದಾಗಲೆಲ್ಲ ಗಟ್ಟಿಯಾಗಿ ಲೆಕ್ಕವಿಟ್ಟರು. ಲೆಕ್ಕ ಹತ್ತರಿಂದ ಎರಡಕ್ಕೆ ಇಳಿದ ದಿನ ಅತ್ತೆ ಸೆರಗು ಹೊದ್ದು ಬಂದು, ನಾನು ಕರೆಯದಿದ್ದರೂ, ಎಡಗಡೆಯ ಬಾಗಿಲು ತೆಗೆದು ಕುಳಿತರು. "ಕೊಟ್ಟಿಗೆಹಾರದವರೆಗೆ ಹೋಗಿಬರೋಣ" ಎಂದರು.

ಕೊಟ್ಟಿಗೆಹಾರ ತಲುಪಿದಾಗ, ಇನ್ನೂ ಸ್ವಲ್ಪ ಎಂದರು. ಚಾರ್ಮಾಡಿ ಘಟ್ಟದಲ್ಲಿ ಕೆಲವು ತಿರುವು ಇಳಿದು ಹಿಂದಿರುಗಿದೆವು. ಏರಿನ ಕಡಿದಾದ ತಿರುವೊಂದರಲ್ಲಿ ಎದುರಿಗೆ ಜೀಪು ಬಂತು. ನಮ್ಮ ಬಂಡಿ ನಿಲ್ಲುವಷ್ಟು ನಿಧಾನವಾಗಿ ಎರಡನೆಯ ಗೇರಿನಲ್ಲಿ ಏದುಸಿರು ಬಿಟ್ಟಿತು. ಒತ್ತಿದೆ, ಹೂಂ ಅನ್ನಿಸಿದೆ, ಮತ್ತೆ ಒತ್ತಿದೆ. ಎಣ್ಣೆ ಹಚ್ಚಿದ ಅಗುಳಿಯಂತೆ ಕೋಲು ಒಳಗಿಳಿಯಿತು. ಪಕ್ಕಕ್ಕೆ ನೋಡಿದರೆ ಅತ್ತೆಯ ದೃಷ್ಟಿ ಕಣಿವೆಯ ಮೇಲೂ ಇರಲಿಲ್ಲ, ಜೀಪಿನ ಮೇಲೂ ಇರಲಿಲ್ಲ. ನನ್ನ ಕಾಲಿನ ಮೇಲಿತ್ತು.

ಆ ಸಂಭ್ರಮದಲ್ಲಿ ಮುಂದಿನ ತಿರುವಿನಲ್ಲಿ ಕರ್ರೆನ್ನಿಸಿದೆ.

"ಹೂಂ ಅನ್ನಲಿಲ್ಲ" ಎಂದರು ಅತ್ತೆ, ಎಲೆಯಡಿಕೆಯ ಸಂಚಿ ಬಿಚ್ಚುತ್ತ.

ಬೆಂಗಳೂರಿನವರಿಗೆ ಇಲ್ಲವೆಂದು ತಿಳಿಸಿದ್ದಾಯಿತು. ಎರಡನೆಯ ಗೇರಿನ ಸವೆದ ಹಿತ್ತಾಳೆ ಬಳೆಗೆ ಬದಲಿಯನ್ನು ಇಂಗ್ಲೆಂಡಿನಿಂದ ತರಿಸಬೇಕು. ಅದು ಬರುವವರೆಗೆ ಅದಕ್ಕೂ ಎರಡೆರಡು ಸಲವೇ ಕಾಲು. ಸೋಮವಾರ ಅತ್ತೆಗೆ ಮೂಡಿಗೆರೆಯ ಬ್ಯಾಂಕಿನಲ್ಲಿ ಕೆಲಸವಿದೆ. ಹತ್ತು ಗಂಟೆಗೆ ಬಂಡಿ ಸಿದ್ಧವಾಗಿರಲಿ ಎಂದಿದ್ದಾರೆ.