ಶ್ರೀಶೈಲದ ದಾರಿಯಲ್ಲಿ ಒಂದು ಕೊಡ ನೀರು

ಯುಗಾದಿ ಸಮೀಪಿಸಿತೆಂದರೆ ನಮ್ಮ ಉತ್ತರ ಕರ್ನಾಟಕದ ದಾರಿಗಳೆಲ್ಲ ಶ್ರೀಶೈಲದತ್ತ ಮುಖ ಮಾಡುತ್ತವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಗಳ ಹಳ್ಳಿಹಳ್ಳಿಗಳಿಂದ ಕಂಬಿ ಹೊತ್ತವರು, ಮರಗಾಲು ಕಟ್ಟಿದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು ಮಲ್ಲಯ್ಯನ ಹೆಸರು ಹೇಳುತ್ತ ಹೊರಡುತ್ತಾರೆ. ಶ್ರೀಶೈಲವು ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು, ಹದಿನೆಂಟು ಶಕ್ತಿಪೀಠಗಳಲ್ಲಿಯೂ ಒಂದು. ಆದರೆ ಕನ್ನಡಿಗರಿಗೆ ಅದು ಮಗಳನ್ನು ಕೊಟ್ಟ ಊರು. ಭ್ರಮರಾಂಬೆ ನಮ್ಮ ಮನೆಯ ಮಗಳು, ಮಲ್ಲಿಕಾರ್ಜುನ ಅಳಿಯ. ಹೊಸ ವರುಷಕ್ಕೆ ಮಗಳಿಗೆ ಸೀರೆ, ಅರಿಷಿಣ, ಕುಂಕುಮ ಮುಟ್ಟಿಸಿ ಬರುವುದು ನಮ್ಮವರ ರೂಢಿ.

2024ರ ಯುಗಾದಿಗೆ ನಾವೂ ಹೊರಟಿದ್ದೆವು. ನಮ್ಮ ಮನೆಯವರು, ಹೊಸದಾಗಿ ಬಂದ ಸೊಸೆ, ಓಣಿಯ ನಲವತ್ತು ಮಂದಿ. ಮಗನು ಪುಣೆಯಲ್ಲಿ ನೌಕರಿಯಲ್ಲಿರುವವನು. ಮದುವೆಯಾಗಿ ನಾಲ್ಕು ತಿಂಗಳಾಗಿದ್ದರೂ ಅಲ್ಲಿ ಮನೆ ಸಿಕ್ಕಿಲ್ಲವೆಂದು ಸೊಸೆ ನಮ್ಮಲ್ಲಿಯೇ ಇದ್ದಳು. ಅವನು ನಾಲ್ಕು ದಿನದ ರಜೆ ಪಡೆದು ನೇರವಾಗಿ ಆತ್ಮಕೂರಿಗೆ ಬಂದು ನಮ್ಮನ್ನು ಕೂಡಿಕೊಂಡ. ಹಬ್ಬದ ಮರುದಿನವೇ ಅವನು ಹಿಂದಿರುಗಬೇಕಿತ್ತು.

ಆತ್ಮಕೂರು ದಾಟಿ ವೆಂಕಟಾಪುರದಿಂದ ಮುಂದೆ ನಲ್ಲಮಲೆಯ ಅರಣ್ಯ. ಹುಲಿಗಳಿಗಾಗಿ ಕಾಯ್ದಿರಿಸಿದ ಕಾಡು; ಮಲ್ಲಯ್ಯನನ್ನು ತಮ್ಮ ನೆಂಟನೆಂದೇ ಬಗೆಯುವ ಚೆಂಚು ಜನರ ನೆಲೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಏರು ಹತ್ತಿದರೆ ಆಮೇಲೆ ಕಲ್ಲುದಾರಿ, ಒಣಗಿದ ಎಲೆ, ಬೇಸಿಗೆಯ ಬಿಸಿಲು. ದಾರಿಯುದ್ದಕ್ಕೂ ನಮ್ಮ ನಾಡಿನವರೇ ನಡೆಸುವ ದಾಸೋಹಗಳು. ಎಲ್ಲಿ ಕುಳಿತರೂ ಕಟಕರೊಟ್ಟಿ, ಶೇಂಗಾಹಿಂಡಿ, ಮಜ್ಜಿಗೆ. ಬೊಬ್ಬೆ ಎದ್ದ ಪಾದಗಳಿಗೆ ಎಣ್ಣೆ ತಿಕ್ಕುವ ಅಪರಿಚಿತ ಕೈಗಳು.

ಆ ರಾತ್ರಿ ಪೆಚ್ಚೆರುವಿನಲ್ಲಿ ತಂಗಿದೆವು. ಚೆರುವು ಎಂದರೆ ತೆಲುಗಿನಲ್ಲಿ ಕೆರೆ. ತಾಡಪತ್ರಿ ಹಾಸಿ ಒಂದು ಬದಿಗೆ ಹೆಂಗಸರು, ಮತ್ತೊಂದು ಬದಿಗೆ ಗಂಡಸರು ಮಲಗಿದರು. ಸುತ್ತಲೂ ನೂರಾರು ಜನ. ಒಬ್ಬರ ತಲೆಯ ಬಳಿ ಇನ್ನೊಬ್ಬರ ಕಾಲು. ಎಲ್ಲಿಯೋ ಭಜನೆ, ಎಲ್ಲಿಯೋ ಗೊರಕೆ. ಗೋಡೆಯೆಂಬುದಿಲ್ಲ, ಬಾಗಿಲೆಂಬುದಿಲ್ಲ. ಯುಗಾದಿಯ ಮುಂಚಿನ ದಿನಗಳಾದ್ದರಿಂದ ಬೆಳದಿಂಗಳೂ ಇಲ್ಲ.

ನಡುರಾತ್ರಿ ಎಚ್ಚರವಾದಾಗ ಮಗನ ಹಾಸಿಗೆ ಬರಿದಾಗಿತ್ತು. ಬ್ಯಾಟರಿ ಬೆಳಗಿಸಿ ಅತ್ತಿತ್ತ ಹಾಯಿಸಿದೆವು. ಇಪ್ಪತ್ತು ಹೆಜ್ಜೆಯಾಚೆ ಒಂದು ಬಂಡೆಯ ಮೇಲೆ ಗಂಡಹೆಂಡಿರು ಕುಳಿತಿದ್ದರು. ಸೊಸೆ ಏನನ್ನೋ ಹೇಳುತ್ತಿದ್ದಳು. ಅವಳ ಕೈ ಅವನ ಕೈಯಲ್ಲಿತ್ತು. ಬೆಳಕು ಅವರ ಮುಖದ ಮೇಲೆಯೇ ಬಿದ್ದಿತು. “ಏ ತಮ್ಮಾ, ಕಾಡೊಳಗ ಏನ್ ಕುಂತೀರಿ? ಮಂದಿ ಮಲಗ್ಯಾರ, ಬರ್ರಿ ಈ ಕಡೆ” ಎಂದು ಗಟ್ಟಿಯಾಗಿಯೇ ಕೂಗಿಬಿಟ್ಟೆವು. ನಾಲ್ಕಾರು ಜನ ತಲೆ ಎತ್ತಿ ನೋಡಿದರು. ಸೊಸೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿ ಹೆಂಗಸರ ನಡುವೆ ಹೋಗಿ ಮಲಗಿದಳು. ಮರುದಿನ ಆಕೆ ಮಧ್ಯಾಹ್ನದವರೆಗೆ ಒಂದು ಮಾತನ್ನೂ ಆಡಲಿಲ್ಲ.

ಕಾಡುಮೃಗದ ಭಯದಿಂದ ಕರೆದೆವೆಂದು ನಮಗೆ ನಾವೇ ಹೇಳಿಕೊಂಡೆವು. ಅದು ನೆಪ. ನೂರಾರು ಜನರ ನಡುವೆ ಯಾವ ಮೃಗ ಬರಬೇಕು? ನಮ್ಮನ್ನು ಕಾಡಿದ್ದು ಕಂಡವರು ಏನೆಂದಾರು ಎಂಬುದೊಂದೇ.

ದಾರಿಯಲ್ಲಿ ನಮ್ಮ ಮನೆಯವರು ಹೆಜ್ಜೆ ನಿಧಾನಿಸಿ ನಮ್ಮ ಜೊತೆಗೂಡಿದರು. “ಏನ್ರೀ, ನಾವು ಮೊದಲನೇ ಸಲ ಬಂದಾಗ ಅತ್ತಿಯವರು ನಮ್ಮನ್ನ ನೀರಿಗೆ ಕಳಿಸಿದ್ದು ನೆನಪೈತೇನು?” ಎಂದರು. ನೆನಪಿತ್ತು. ಅದು 1990ರ ಮಾತು. ಇದೇ ಕಾಡಿನಲ್ಲಿ, ಮುಸ್ಸಂಜೆಯಲ್ಲಿ, ನಮ್ಮವ್ವ ಒಂದು ಕೊಡ ಕೈಗಿತ್ತು ಇಬ್ಬರೂ ಹೋಗಿ ಬರ್ರಿ ಎಂದಿದ್ದಳು. ಒಂದು ಕೊಡಕ್ಕೆ ಇಬ್ಬರೇಕೆಂದು ನಾವು ಕೇಳಿದ್ದೆವು. ಅವ್ವ ಉತ್ತರಿಸದೆ ಒಲೆ ಊದತೊಡಗಿದ್ದಳು. ತಿರುಗಿ ಬರುವುದು ಬಹಳ ಹೊತ್ತಾದರೂ ಯಾರೂ ಏಕೆಂದು ಕೇಳಿರಲಿಲ್ಲ.

“ಒಂದು ಕೊಡಕ್ಕ ಇಬ್ಬರನ್ನ ಯಾಕ ಕಳಿಸಿದ್ರು ಅಂತ ನಿಮಗ ಇನ್ನೂ ತಿಳೀಲಿಲ್ಲೇನು?” ಎಂದು ಅವರು ಮುಂದೆ ನಡೆದರು.

ಮೂವತ್ತನಾಲ್ಕು ವರುಷಗಳ ಮೇಲೆ ತಿಳಿಯಿತು. ಹನ್ನೆರಡು ಜನರ ಆ ಮನೆಯಲ್ಲಿ ನಾವಿಬ್ಬರೂ ನಿಶ್ಚಿಂತೆಯಿಂದ ಮಾತನಾಡಿದ್ದು ಅಂದೇ ಮೊದಲು.

ಆ ಬೆಳಿಗ್ಗೆ ಕಂಡ ಇನ್ನೊಂದು ನೋಟವೂ ಮನಸ್ಸಿಗೆ ಬಂದಿತು. ನಸುಕಿನಲ್ಲಿ ಅದೇ ಜನಜಂಗುಳಿಯ ನಡುವೆ ಅನೇಕರು ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಪೂಜೆಗೆ ಕುಳಿತಿದ್ದರು. ಅವರ ಸುತ್ತ ಪರದೆ ಇರಲಿಲ್ಲ. ಆದರೂ ಯಾರೊಬ್ಬರೂ ಅವರನ್ನು ಮಾತನಾಡಿಸಲಿಲ್ಲ. ಮಕ್ಕಳು ಕೂಡ ಬಳಸಿಕೊಂಡು ಹೋದರು. ಗೋಡೆಯಿಲ್ಲದ ಕಡೆ ಏಕಾಂತವನ್ನು ಕಟ್ಟಿಕೊಡುವುದು ಸುತ್ತಲಿನವರ ಮರ್ಯಾದೆ. ಪೂಜೆಗೆ ಸಲ್ಲಿಸುವ ಆ ಮರ್ಯಾದೆಯನ್ನು ದಾಂಪತ್ಯಕ್ಕೆ ಸಲ್ಲಿಸಲು ನಾವು ಮರೆತಿದ್ದೆವು.

ಮರುರಾತ್ರಿ ಭೀಮನಕೊಳ್ಳಕ್ಕೆ ಇಳಿಯುವ ಮುನ್ನ ತಂಗಿದೆವು. ನೀರು ಹಂಚುವ ಜಾಗ ತುಸು ದೂರದಲ್ಲಿತ್ತು. ಐದು ಲೀಟರಿನ ಒಂದು ಕ್ಯಾನನ್ನು ಮಗನ ಕೈಗೆ ಕೊಟ್ಟು, “ಇಬ್ಬರೂ ಹೋಗಿ ಬರ್ರಿ, ಅವಸರ ಇಲ್ಲ” ಎಂದೆವು. ಬ್ಯಾಟರಿಯನ್ನೂ ಅವನಿಗೇ ಕೊಟ್ಟೆವು. ಸೊಸೆ ಒಮ್ಮೆ ಅತ್ತೆಯ ಮುಖ ನೋಡಿದಳು. ಅವರು ಆಗಲೇ ಅತ್ತ ತಿರುಗಿ ಕೌದಿ ಹಾಸುತ್ತಿದ್ದರು.

ಭೀಮನಕೊಳ್ಳವು ಆಳವಾದ ಕಣಿವೆ. ಮೆಟ್ಟಿಲಿಳಿದು ತಳ ಸೇರಿ, ಎದುರಿನ ಕಡಿದಾದ ಮೆಟ್ಟಿಲುಗಳನ್ನೇರಿದರೆ ಕೈಲಾಸದ್ವಾರ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮನಿಗೆ ಸಲ್ಲುತ್ತದೆ. ಆ ಏರಿನ ನಡುವೆ ದಣಿವಾರಿಸಿಕೊಳ್ಳಲು ಕುಳಿತಾಗ ಮಗನು ಬಾಯಿಬಿಟ್ಟ. “ಅಪ್ಪಾ, ಮನಿ ಸಿಕ್ಕಿಲ್ಲಂತ ಹೇಳಿದ್ದು ಅರ್ಧಾ ಖರೇ. ದೊಡ್ಡ ಮನಿ ಸಿಗೂತನಕ ಬ್ಯಾಡ ಅಂತ ನಾನ ತಡದಿದ್ದೆ. ಒಂದ ಖೋಲಿ ಇದ್ರೂ ಸಾಕು ಅಂತಾಳ ಆಕಿ.” ನಾಲ್ಕು ತಿಂಗಳು ನಮ್ಮ ಪಡಸಾಲೆಯಲ್ಲಿ, ಎಲ್ಲರ ಕಿವಿಯ ಮುಂದೆ ಫೋನಿನಲ್ಲಿ ಮಾತನಾಡುತ್ತ, ಆ ಹುಡುಗಿಗೆ ಹೇಳಲಾಗದೆ ಉಳಿದ ಮಾತು ಅದು. ಪೆಚ್ಚೆರುವಿನಲ್ಲಿ ನಾವು ತುಂಡರಿಸಿದ್ದೂ ಅದನ್ನೇ.

ನಾವು ಏನೆನ್ನಬೇಕೆಂದು ತೋಚದಿರಲು ನಮ್ಮ ಮನೆಯವರೇ, “ಜೋಳದ ಹಿಟ್ಟು ತಿಂಗಳಾ ತಿಂಗಳಾ ನಾ ಕಳಿಸ್ತೀನಿ” ಎಂದರು. ಸೊಸೆ ನಕ್ಕಳು.

ಶ್ರೀಶೈಲದಲ್ಲಿ ಅಳಿಯನ ದರ್ಶನ ಮುಗಿಸಿ, ಹಿಂಬದಿಯ ಗುಡಿಯಲ್ಲಿ ಮಗಳಿಗೆ ಸೀರೆ ಒಪ್ಪಿಸಿದೆವು. ಭ್ರಮರಾಂಬೆಯ ಗರ್ಭಗುಡಿಯ ಹಿಂದಿನ ಗೋಡೆಗೆ ಕಿವಿಯಿಟ್ಟರೆ ದುಂಬಿಯ ಝೇಂಕಾರ ಕೇಳಿಸುವುದೆಂದು ನಂಬಿಕೆಯಿದೆ. ಮಕ್ಕಳಿಬ್ಬರೂ ಒಬ್ಬರ ಬಳಿ ಒಬ್ಬರು ನಿಂತು ಗೋಡೆಗೆ ಕಿವಿಗೊಟ್ಟರು. ಅವರಿಗೆ ಏನು ಕೇಳಿಸಿತೋ ನಾವು ಕೇಳಲಿಲ್ಲ.

ಮುಂದಿನ ಯುಗಾದಿಗೆ ಮಕ್ಕಳು ಸೊಸೆಯಂದಿರೊಡನೆ ಹೊರಡುವ ಹಿರಿಯರಲ್ಲಿ ನಮ್ಮದೊಂದು ಅರಿಕೆ. ರೊಟ್ಟಿ, ಹಿಂಡಿ, ಹಾಸಿಗೆ ಎಲ್ಲವನ್ನೂ ಕಟ್ಟಿಕೊಳ್ಳಿರಿ. ನೀರಿಗೆ ಮಾತ್ರ ಒಂದೇ ಕೊಡ ಇರಲಿ.